ನಾಲ್ಕನೇ ಜ್ವರ

ಮುನಿರಾಜುವಿನ ಅಪ್ಪನವರಿಗೆ,

ನೀವು ಅಂಗಳದಲ್ಲಿ ನಿಂತು ಪೂರ್ವಕ್ಕೆ ನೋಡಿ, ಮದ್ರಾಸಿನ ಕಡೆ ಕಡಲು ಕೆಟ್ಟಿದೆ, ಸೊಪ್ಪು ಕೊಯ್ಸಿ ಒಳಗಿಡು ಎನ್ನುತ್ತಿದ್ದಿರಿ. ನೀವು ಕಣ್ಣು ಮುಚ್ಚಿದ ಮೇಲೆ, ಈ ಸಲ ಹಾಗೆ ಹೇಳುವವರಿರಲಿಲ್ಲ. ರೇಡಿಯೋ ಹೇಳಿತು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಡಲು ಎಲ್ಲಿ, ಮೇಲೂರು ಎಲ್ಲಿ? ತುಫಾನು ಬಂದೇಬಿಟ್ಟಿತು. ಹುಳುಮನೆಯ ಹೆಂಚು ಹಾರಿ ತಟ್ಟೆಗಳ ಮೇಲೆ ನೀರು ತೊಟ್ಟಿಕ್ಕಿತು. ರೇಷ್ಮೆಹುಳುಗಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಕಾಯುವ ಹೊತ್ತು. ಆಗ ಥಂಡಿ ತಾಕಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕೆ?

ಮರುದಿನ ಮುನಿರಾಜು ಟಾರ್ಪಾಲು ಹೊತ್ತು ತಂದ. ಪರಿಹಾರದವರು ಊರಿಗೆ ಬಂದು ಹಂಚುತ್ತಿದ್ದಾರೆ, ನಮಗೂ ಸಿಕ್ಕಿತು ಎಂದ. ಹೊದಿಸಿದ ಮೇಲೆ ಸೋರುವುದು ನಿಂತಿತು. ಅಪ್ಪನಿಗೆ ತಕ್ಕ ಮಗ ಎಂದು ಮನಸ್ಸಿನಲ್ಲೇ ಹೊಗಳಿದೆ. ಬಾಯಿಬಿಟ್ಟು ಹೊಗಳುವವಳು ನಾನಲ್ಲ.

ಸಂಜೆ ಎದುರುಮನೆಯ ಜೈನಾಬಿ ಬಂದಳು. ಅವಳ ಮನೆಯ ಗೋಡೆ ಕುಸಿದು, ತಗಡು ಹಾರಿಹೋಗಿ, ಮೊಮ್ಮಕ್ಕಳನ್ನು ಒಂದು ಮೂಲೆಯಲ್ಲಿ ಕೂರಿಸಿಕೊಂಡಿದ್ದಳು. ತಲೆಯ ಮೇಲೆ ಗೋಣಿಚೀಲ, ಕೈಯಲ್ಲಿ ಒಂದು ಚೊಂಬು ಮೆಣಸಿನ ಕಷಾಯ.

“ಯಾರಿಗಕ್ಕ ಜ್ವರ? ಉಳಿದಿದ್ದು ಒಂದೇ ಟಾರ್ಪಾಲು. ಜ್ವರ ಇರೋ ಮನೆಗೆ ಮೊದಲು ಅಂತ ಹಂಚೋಕೆ ಬಂದ ಸಾಹೇಬ್ರು ನಿಮಗೆ ಕೊಟ್ರು. ಒಳ್ಳೇದಾಯ್ತು ಬಿಡಿ.”

ಚೊಂಬು ಇಸಿದುಕೊಂಡೆ. ಒಲೆಯ ಪಕ್ಕ ಇಟ್ಟೆ.

ಅವಳು ಹೋದ ಮೇಲೆ ಮಗನನ್ನು ಕೇಳಿದೆ. “ಮನೇಲಿ ಜ್ವರ ಇದ್ಯಾ ಅಂದ್ರು. ನಾಕನೇ ಜ್ವರ ಸಾರ್ ಅಂದೆ. ಅವರು ಮಂಗಳೂರು ಕಡೆಯೋರು, ಹುಳದ ಜ್ವರ ಗೊತ್ತಿಲ್ಲ, ಮನೇಲಿ ಯಾರೋ ನಾಕು ದಿನದಿಂದ ಮಲಗವ್ರೆ ಅನ್ಕೊಂಡ್ರು. ನಾನೇನು ಸುಳ್ಳು ಹೇಳಿದ್ನೇನಮ್ಮ?”

ನನಗೆ ನಗು ಬಂತು. ಹೌದು, ನಕ್ಕೆ. ಒಲೆಯ ಪಕ್ಕದಲ್ಲಿ ಆ ಚೊಂಬು ಇನ್ನೂ ಹಬೆಯಾಡುತ್ತಿತ್ತು, ನಾನು ಮಾತ್ರ... ಆ ನಗುವನ್ನು ಯಾವ ಮುಖ ಹೊತ್ತು ನಿಮಗೆ ತಿಳಿಸಲಿ?

“ಬಿಚ್ಚೋ ಅದನ್ನ” ಎಂದೆ.

“ಹುಳ ಸತ್ತೋಗ್ತವಮ್ಮ.”

“ಸಾಯ್ಲಿ. ಬಿಚ್ಚು.”

ನಾನೇ ತಲೆಯ ಮೇಲೆ ಹೊತ್ತುಕೊಂಡು ಹೋದೆ. ನಿಜ ಹೇಳಬೇಕೆಂದೇ ಹೋದವಳು ನಾನು. ಬಾಯಿಗೆ ಬಂದದ್ದು, ನಮಗೆ ಬೇಡವಾಯಿತು ಎಂಬ ಒಂದು ಮಾತು. ಜೈನಾಬಿ ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ಮ ಮಗ ಚಿನ್ನದಂಥೋನು ಕಣಕ್ಕ” ಎಂದಳು.

ಸತ್ತ ಹುಳುಗಳನ್ನೆಲ್ಲ ತಿಪ್ಪೆಗೆ ಸುರಿದೆವು. ಅದರ ಸಂಕಟ ತಡೆದುಕೊಳ್ಳಬಹುದು. ನಲ್ಲಿಯ ಹತ್ತಿರ ಹೆಂಗಸರು, ತಮ್ಮ ಬೆಳೆ ಹೋದರೂ ಬಡವರಿಗೆ ಕೊಟ್ಟರು ಎಂದು ನಮ್ಮನ್ನು ಹೊಗಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನೂ ವಿನಯವೆಂದುಕೊಳ್ಳುತ್ತಾರೆ. ಯಾರ ಮುಂದೂ ತಗ್ಗದ ತಲೆ ಇದು, ನೀವೇ ಎಷ್ಟು ಸಲ ರೇಗಿಸಿದ್ದೀರಿ...

ಮಳೆ ಬಿಟ್ಟಿದೆ. ನಾಳೆ ಜೈನಾಬಿಯ ಗೋಡೆ ಎತ್ತುತ್ತಾರೆ. ನಿಮ್ಮ ಮಗ ಹೋಗಿ ಮಣ್ಣು ಕಲೆಸುತ್ತಾನೆ. ಆಮೇಲೆ ಬೀದಿಯವರ ಎದುರಿಗೇ ನಡೆದದ್ದನ್ನು ಹೇಳುತ್ತಾನೆ. ಅವನಿಗೆ ಬಾಯಿ ಬರದಿದ್ದರೆ ನಾನು ಹೇಳುತ್ತೇನೆ, ನಕ್ಕಿದ್ದನ್ನೂ ಸೇರಿಸಿ. ಮನೆಯ ಮರ್ಯಾದೆ ಹೋಗುತ್ತದೆಂದು ನೀವು ಕೊರಗಬೇಡಿ. ಅದು ಆಗಲೇ ಹೋಗಿದೆ. ಬೀದಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ.