ಮರಿಯನ್ನು ಎರಡನೇ ಸಲ ಕರೆದರು

ಮನೆಯಿಂದ,
ಜೂನ್ ೧೯, ಗುರುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಮದುವೆಯಾದಾಗಿನಿಂದ ನಿನ್ನನ್ನು ಹೀಗೇ ಕರೆದು ಅಭ್ಯಾಸ, ಕಾಗದದಲ್ಲಿ ಬೇರೆ ಥರ ಬರೆಯಲು ಕೈ ಓಡುವುದಿಲ್ಲ. ಹೇಗಿದ್ದೀಯ? ಅತ್ತೆಯ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯಾ? ಕೋಲು ಹಿಡಿದು ಬಚ್ಚಲವರೆಗೆ ತಾವೇ ಹೋದರು ಎಂದು ನೀನು ಹೇಳಿದಾಗ ಸಮಾಧಾನವಾಯಿತು. ಅವರನ್ನು ಎತ್ತಿ ಕೂರಿಸುವ ಭರದಲ್ಲಿ ನಿನ್ನ ಸೊಂಟ ಹಿಡಿಸಿಕೊಳ್ಳಬೇಡ. ದಿನಾ ಫೋನ್ ಮಾಡುವ ಮನುಷ್ಯ ಕಾಗದ ಯಾಕೆ ಬರೆದ ಎಂದು ಈಗಾಗಲೇ ನಿನ್ನ ಎದೆ ಹೊಡೆದುಕೊಳ್ಳುತ್ತಿರಬೇಕು. ಫೋನಿನಲ್ಲಿ ನನಗೆ ಸುಳ್ಳು ಹೇಳಲೂ ಬರುವುದಿಲ್ಲ, ನಿಜ ಹೇಳಲೂ ಬರುವುದಿಲ್ಲ. “ಅಪ್ಪಾ, ನೀವು ಹಲೋ ಅಂದ್ರೆ ಸಾಕು, ಅಮ್ಮ ಕಂಡುಹಿಡಿದುಬಿಡ್ತಾಳೆ” ಎಂದು ಮರಿಯೇ ಎಚ್ಚರಿಸಿದಳು. ಅದಕ್ಕೇ ಈಚೆಗೆ ಎರಡು ಮಾತಾಡಿ, ಬಸ್ಸು ತೆಗೆಯುವ ಹೊತ್ತಾಯಿತು ಎಂದು ಇಟ್ಟುಬಿಡುತ್ತಿದ್ದೆ. ಯಾವ ಬಸ್ಸೂ ತೆಗೆಯಲಿಲ್ಲ ಕಣೇ. ಡಿಪೋಗೆ ರಜೆ ಹೇಳಿ ಮನೆಯಲ್ಲೇ ಇದ್ದೇನೆ.

ಮರಿಯ ಓದಿನ ವೀಸಾಕ್ಕೆ ಬೇಕಾದ ವೈದ್ಯಕೀಯ ಪರೀಕ್ಷೆಗೆ ಕಳೆದ ವಾರ ಹೋಗಿದ್ದೆವು, ಮುಗಿಯಿತು ಎಂದಷ್ಟೇ ನಿನಗೆ ಹೇಳಿದ್ದೆ. ಮುಗಿದಿರಲಿಲ್ಲ. ರಾಯಭಾರ ಕಚೇರಿಯವರು ಗೊತ್ತುಮಾಡಿದ ಆಸ್ಪತ್ರೆಯ ನಾಲ್ಕನೇ ಮಹಡಿ ಅದು. ಉದ್ದನೆಯ ಬೆಂಚಿನ ಮೇಲೆ ಪಾಸ್‌ಪೋರ್ಟ್ ಎದೆಗವಚಿಕೊಂಡ ಮಕ್ಕಳು, ಒಬ್ಬೊಬ್ಬರ ಪಕ್ಕದಲ್ಲೂ ಅವರಿಗಿಂತ ಹೆಚ್ಚು ಬೆವರುತ್ತಿರುವ ಅಪ್ಪನೋ ಅಮ್ಮನೋ. ಮೊದಲು ಫೋಟೋ ತೆಗೆದು ಬೆರಳಚ್ಚು ಒತ್ತಿಸಿಕೊಂಡರು, ಬೇರೆ ಯಾರನ್ನೋ ಕಳಿಸಿ ಮೋಸ ಮಾಡಬಾರದಲ್ಲ, ಅದಕ್ಕೆ. ಆಮೇಲೆ ಎತ್ತರ, ತೂಕ. ಗೋಡೆಯ ಮೇಲಿನ ಅಕ್ಷರಗಳನ್ನು ಮರಿ ಓದುವಾಗ ನಾನೂ ಕೂತಲ್ಲಿಂದಲೇ ಕೊನೆಯ ಸಾಲು ಗುನುಗಿದೆನಂತೆ. ನರ್ಸಮ್ಮ ತಿರುಗಿ, “ನಿಮಗೆ ವೀಸಾ ಬೇಡ ಸಾರ್, ಮಗಳು ಓದ್ಲಿ” ಎಂದರು. ಬೆಂಚಿಗೆ ಬೆಂಚೇ ನಕ್ಕಿತು. ಅವಳ ರಕ್ತ ತೆಗೆಯುವಾಗ ಅವಳು ಸೂಜಿಯನ್ನೇ ನೋಡುತ್ತಿದ್ದಳು, ನಾನು ಗೋಡೆ ನೋಡುತ್ತಿದ್ದೆ. ಅಲ್ಲಿಯವರೆಗೆ ಎಲ್ಲ ನಗುವಿನಲ್ಲೇ ನಡೆದಿತ್ತು.

ಕೊನೆಯದು ಎಕ್ಸ್-ರೇ. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋಗಿ, ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದು, ಮೆಟ್ಟಿಲಿಳಿದು ಹೋಗುತ್ತಿದ್ದರು. ಮರಿಯೂ ಬಂದಳು. ಹೊಟ್ಟೆ ಹಸೀತಿದೆ, ಎಲ್ಲಾದರೂ ತಿನ್ನೋಣ ಎನ್ನುವಷ್ಟರಲ್ಲಿ ಬಾಗಿಲು ತೆರೆದು, ಎಕ್ಸ್-ರೇ ತೆಗೆಯುವಾತ ಅವಳನ್ನೇ ನೋಡಿ, “ಇನ್ನೊಂದ್ಸಲ ಬನ್ನಮ್ಮ” ಎಂದ. ಉಸಿರು ಸರಿಯಾಗಿ ಹಿಡಿದಿರಲಿಲ್ಲವೇನೋ ಎಂದುಕೊಂಡೆ. ಆದರೆ ಬೇರೆ ಯಾರನ್ನೂ ಹಾಗೆ ಎರಡನೇ ಸಲ ಕರೆದಿರಲಿಲ್ಲ. ನನ್ನ ಪಕ್ಕದಲ್ಲಿ ಅಷ್ಟು ಹೊತ್ತು ಮಗನ ಕಾಲೇಜಿನ ಕತೆ ಹೇಳುತ್ತಿದ್ದ ಹೆಂಗಸು ಚೀಲವನ್ನು ಮಡಿಲಿಗೆಳೆದುಕೊಂಡು ಒಂದಿಷ್ಟು ಆಚೆ ಸರಿದಳು. ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದಾಗಲೂ ನಾನು ಹಾಗೆ ಹೆದರಿರಲಿಲ್ಲ.

ಡಾಕ್ಟರು ವಯಸ್ಸಾದ ಹೆಂಗಸು, ಮೆಲ್ಲಗೆ ಮಾತಾಡುವವರು. ಕೆಮ್ಮು ಇದೆಯಾ, ಸಂಜೆ ಜ್ವರ ಬರುತ್ತಾ, ಮೈ ಬೆವರುತ್ತಾ, ತೂಕ ಇಳಿದಿದೆಯಾ ಎಂದು ಕೇಳುತ್ತ ಹೋದರು. ಎಲ್ಲದಕ್ಕೂ ಮರಿ ಇಲ್ಲ ಎಂದಳು. “ಹುಟ್ಟಿದಾಗಿನಿಂದ ಹೀಗೇ ಕಡ್ಡಿ ಇವಳು” ಎಂದು ನಾನು ಬಾಯಿ ಹಾಕಿದೆ. ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬಲಗಡೆ, ಮೇಲೆ, ಹಿಂಜಿದ ಹತ್ತಿ ಅಂಟಿದ ಹಾಗೆ ಒಂದು ಬಿಳಿ ಗುರುತು. “ಟಿ.ಬಿ. ಅಂತ ನಾನು ಹೇಳ್ತಾ ಇಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ. ಕಫ ಪರೀಕ್ಷೆ ಆಗೋವರೆಗೂ ವೀಸಾ ಕಾಗದ ಮುಂದೆ ಹೋಗಲ್ಲ” ಎಂದರು. ಮರಿ ನೆಟ್ಟಗೆ ಕೂತು ಎಲ್ಲ ಕೇಳಿಸಿಕೊಂಡಳು. ನಾನು ಪರದೆಯನ್ನೇ ನೋಡುತ್ತ ಕೂತಿದ್ದೆ, ಅವಳೇ ತೋಳು ಹಿಡಿದು ಎಬ್ಬಿಸಿದಳು.

ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದೆವು. ತಾರಸಿಯ ಮೇಲೆ ಗಾಜಿನ ಗೂಡು, ಒಳಗೆ ಅವಳೊಬ್ಬಳೇ. ಕೆಮ್ಮೇ ಇಲ್ಲದ ಹುಡುಗಿಗೆ ಕಫ ಎಲ್ಲಿಂದ ಬರಬೇಕು? ಉಪ್ಪುನೀರಿನ ಹಬೆ ಕೊಟ್ಟು ಕೆಮ್ಮಿಸಿದರು. ಕಣ್ಣು ಮೂಗು ಸುರಿಯುವವರೆಗೆ ಕೆಮ್ಮಿದಳು. ಹೊರಗಿನಿಂದ ನರ್ಸಮ್ಮ, “ಇನ್ನೂ ಆಳದಿಂದ, ಇನ್ನೂ ಆಳದಿಂದ” ಎನ್ನುತ್ತಿದ್ದರು. ನಾನು ಮೆಟ್ಟಿಲ ಹತ್ತಿರ ಅವಳ ಚೀಲ ಹಿಡಿದು ನಿಂತಿದ್ದೆ.

ಮನೆಗೆ ಬಂದ ಮೇಲೆ ಅವಳು ತನ್ನ ತಟ್ಟೆ ಲೋಟ ಬೇರೆ ಮಾಡಿಕೊಂಡಳು. ಮಾಸ್ಕ್ ಹಾಕಿಕೊಂಡು ಕಿಟಕಿಯ ಹತ್ತಿರ ಕೂರುತ್ತಾಳೆ, ಟೀವಿ ನೋಡುವಾಗ ನನ್ನ ಹೆಗಲಿಗೊರಗಿ ನಿದ್ದೆ ಹೋಗುತ್ತಿದ್ದ ಹುಡುಗಿ. ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವಳ ಲೋಟದಲ್ಲಿ ಉಳಿದಿದ್ದ ನೀರನ್ನು ಅವಳೆದುರಿಗೇ ಗಟಗಟ ಕುಡಿದುಬಿಟ್ಟೆ. “ಅಪ್ಪಾ! ಬುದ್ಧಿ ನೆಟ್ಟಗಿದೆಯಾ ನಿಮಗೆ?” ಎಂದು ಕಿರುಚಿದಳು. ಆಮೇಲೆ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಕಾಲೇಜು ಕೈತಪ್ಪುತ್ತದೆ ಎಂದು ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ. “ಅಮ್ಮನಿಗೂ ಅಂಟಿಸಿಬಿಟ್ಟಿದೀನಾ ಅಪ್ಪಾ? ಅಮ್ಮ ಅಲ್ಲಿಗೆ ಹೋಗಿ ಅಜ್ಜಿಗೂ…” ಎಂದಳು. ಪಕ್ಕದಲ್ಲಿ ಕೂತು ಅವಳ ತಲೆ ನೇವರಿಸಿದೆ. ತಟ್ಟೆ ಲೋಟದಿಂದ ಏನೂ ಆಗಲ್ಲ, ಅದು ಗಾಳಿಯಲ್ಲಿ ಬರೋದು ಎಂದು ಡಾಕ್ಟರು ಆಮೇಲೆ ತಿಳಿಸಿ ಹೇಳಿದರು.

ಈ ಸೋಮವಾರ ಒಂದು ಉಸಿರು ಬಿಟ್ಟೆವು. ಮೂರು ದಿನದ ಕಫದಲ್ಲೂ ಸದ್ಯಕ್ಕೆ ಏನೂ ಕಂಡಿಲ್ಲ. ಆದರೆ ಆ ಕಫದಲ್ಲಿ ರೋಗಾಣು ಬೆಳೆಯುತ್ತದಾ ಎಂದು ಇಟ್ಟು ನೋಡುತ್ತಾರಂತೆ, ಅದಕ್ಕೆ ಎರಡು ತಿಂಗಳು ಹಿಡಿಯಬಹುದು. ಕಾಲೇಜಿಗೆ ಮರಿ ಇದ್ದದ್ದು ಇದ್ದ ಹಾಗೆ ಬರೆದಿದ್ದಳು. ಆಗಸ್ಟ್‌ನಲ್ಲಿ ಆಗದಿದ್ದರೆ ಜನವರಿಯಲ್ಲಿ ಸೇರಬಹುದು ಎಂದು ಉತ್ತರ ಬಂದಿದೆ. ಪುಣ್ಯಾತ್ಮರು. ಈಗ ಮರಿ ಒಳಗೆ ಮಲಗಿದ್ದಾಳೆ. ಬರೆಯುತ್ತ ಬರೆಯುತ್ತ ಎದ್ದು ಹೋಗಿ, ಅವಳು ತೊಟ್ಟಿಲಲ್ಲಿದ್ದಾಗ ನೋಡುತ್ತಿದ್ದ ಹಾಗೆ, ಎದೆ ಏರಿಳಿಯುತ್ತಿದೆಯಾ ಎಂದು ಬಾಗಿಲಲ್ಲಿ ನಿಂತು ನೋಡಿ ಬರುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಅವರಿಗೆ ಉಣ್ಣಿಸಿ ನೀನು ಹಸಿದಿರಬೇಡ.

ನಿನ್ನ,
‘ರೀ’

ತಾ.ಕ.: ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ಇಷ್ಟು ಹೊತ್ತು ಇದನ್ನು ಬರೆಯಲಾಗದೆ ಸುತ್ತಿ ಬಳಸಿದ್ದು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರಿಂದ ಮಂಗಳವಾರ ನಾನೂ ಮಾಡಿಸಿಕೊಂಡೆ. ನನ್ನದರಲ್ಲಿ ಅನುಮಾನಕ್ಕೆ ಜಾಗವಿಲ್ಲ, ಕಫದಲ್ಲೇ ಟಿ.ಬಿ. ಸಿಕ್ಕಿದೆ. ಡೀಸೆಲ್ ಹೊಗೆಯ ಕೆಮ್ಮು ಎಂದು ನಾವಿಬ್ಬರೂ ತಿಳಿದಿದ್ದೆವಲ್ಲ, ಅದು ಹೊಗೆಯದ್ದಲ್ಲ. ಆರು ತಿಂಗಳು ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದಂತೆ, ಶುರು ಮಾಡಿದ್ದೇನೆ. ನಾನೂ ಮಾಸ್ಕ್ ಹಾಕಿಕೊಂಡು ಬೇರೆ ಕೋಣೆಯಲ್ಲಿದ್ದೇನೆ. ತನ್ನಿಂದ ನನಗೆ ಅಂಟದಿರಲಿ ಎಂದು ಹಾಗೆ ಮಾಡುತ್ತಿದ್ದೇನೆ ಅಂತಲೇ ಮರಿ ತಿಳಿದಿದ್ದಾಳೆ. ಇದನ್ನು ಕೊರಿಯರ್‌ಗೆ ಕೊಡುತ್ತಿದ್ದೇನೆ. ಸಿಕ್ಕಿದ ತಕ್ಷಣ ಯಾರನ್ನಾದರೂ ಅತ್ತೆಯ ಹತ್ತಿರ ಕೂರಿಸಿ ನೀನು ಎಕ್ಸ್-ರೇ ತೆಗೆಸು, ಆಮೇಲೆ ಅತ್ತೆಗೂ. ಏನೂ ಇಲ್ಲ ಎಂದು ನಿನ್ನ ಬಾಯಿಂದ ಕೇಳಿದರೆ ಮಾತ್ರ ಮರಿಯ ಮುಂದೆ ಹೋಗಿ ಕೂತು, ಅಂಟಿಸಿದ್ದರೆ ನಾನೇ, ನೀನಲ್ಲ ಎಂದು ಹೇಳುವ ಧೈರ್ಯ ನನಗೆ ಬರುತ್ತದೆ.