ಮಸಾಲೆ ಕಲಸುವ ಹೊತ್ತಿಗೆ

ಅತ್ತೆ,

ಅಳವಂಡಿಯ ಬಸ್ಸಿಗೆ ಪಕೀರಮ್ಮ ಹೊಸದಾಗಿ ಕಲಿಯಲು ಬರುತ್ತಾರೆ. ಅವರಿಗೆ ನಮ್ಮ ಮನೆ ಗೊತ್ತಿಲ್ಲ, ಕರೆತರಲು ಹೊರಟಿದ್ದೇನೆ. ಉಳಿದ ಏಳು ಜನ ಹನ್ನೊಂದಕ್ಕೆ ಬರುತ್ತಾರೆ. ಇವತ್ತೂ ನೀವು ಎಣ್ಣೆಗಾಯಿಯನ್ನೇ ಕಲಿಸಬೇಕು. ಹೋದ ವಾರ ಕಲಿತದ್ದು ಯಾರ ಮನೆಯಲ್ಲೂ ಸರಿಬಂದಿಲ್ಲ.

ರೇಣುಕಾದೇವಿ ನಿನ್ನೆ ಓಣಿಯಲ್ಲಿ ನಿಲ್ಲಿಸಿ ಕೇಳಿದರು: "ನಿಮ್ಮತ್ತಿ ಏನ್ ಮುಚ್ಚಿಡ್ತಾರ ಹೇಳ್ರಿ. ನಾವು ಮಾಡಿದ್ರ ಬರೇ ಬದನಿಕಾಯಿ ಪಲ್ಯ ಆಗತೈತಿ." ಅವರನ್ನೆಲ್ಲ ಮನೆಮನೆಗೆ ಹೋಗಿ ಕೂಡಿಸಿದವಳು ನಾನು. ಇವತ್ತೂ ಕೆಟ್ಟರೆ ಮುಂದಿನ ವಾರ ಒಬ್ಬರೂ ಬರುವುದಿಲ್ಲ.

ನನಗೂ ಅನುಮಾನವಿದೆ. ಹೋದ ವಾರ ಮಸಾಲೆ ಕಲಸುವ ಹೊತ್ತಿಗೆ ಸರಿಯಾಗಿ, "ಎಲ್ಲಾರೂ ಹಿತ್ತಲಕ್ಕ ಹೋಗಿ ಕರಿಬೇವು ಹರಕೊಂಡು ಬರ್ರೆವಾ" ಎಂದಿರಿ. ಒಂದು ಎಸಳು ಕರಿಬೇವಿಗೆ ಏಳು ಹೆಂಗಸರು ಯಾಕೆ? ಕೇಳಿದರೆ, "ಅದು ಕೈಗುಣ ನೋಡವಾ, ಬರದಿಟ್ಕೊಳ್ಳಾಕ ಬರೂದಿಲ್ಲ" ಎಂದು ನಕ್ಕಿರಿ.

ಕರಿಬೇವು ಹರಿದು ತೊಳೆದಿಟ್ಟಿದ್ದೇನೆ. ಕೊತ್ತಂಬರಿ, ಹುಣಸೆಹಣ್ಣು, ಬೆಲ್ಲ ಒಲೆಯ ಪಕ್ಕದಲ್ಲೇ ಇವೆ. ಕುಡಿಯುವ ನೀರಿನ ಕೊಡ ತುಂಬಿದೆ. ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದೇನೆ, ಕೀಲಿ ನನ್ನ ಹತ್ತಿರವಿದೆ.

ರೊಟ್ಟಿ ತಿಂದ ಮೇಲೆ ಬಿ.ಪಿ. ಮಾತ್ರೆ ತೆಗೆದುಕೊಳ್ಳಿ, ಮರೆಯಬೇಡಿ. ಶೇಂಗಾ, ಎಳ್ಳು ಹುರಿದಿಡಿ. ಕಲಸುವುದನ್ನು ಮಾತ್ರ ನಾನು ಬಂದ ಮೇಲೆ ಶುರುಮಾಡಿ.

ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮಸಾಲೆ ಕಲಸುವ ಹೊತ್ತಿಗೆ ನನ್ನನ್ನೂ ಪ್ರತಿ ಸಲ ಏನಾದರೊಂದು ತರಲು ಹೊರಗೆ ಕಳಿಸಿದ್ದೀರಿ, ನಾನೂ ಹೋಗಿದ್ದೇನೆ. ಇವತ್ತು ಯಾವುದಕ್ಕೂ ಏಳುವುದಿಲ್ಲ. ಅವರ ಜೊತೆ ಕಲಿಯಲು ಕೂಡುತ್ತೇನೆ.

ಹುಲಿಗೆಮ್ಮ