ಕಾರಿನ ಬಲಗೈ ಯಾವುದು?

ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮಹಾಜನಗಳೇ! ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡ ಗಣ್ಯರೇ! ಟಿಕೆಟ್ಟು ತೆಗೆಸದೆ ತಗಡಿನ ಸಂದಿಯಲ್ಲಿ ಕಣ್ಣಿಟ್ಟು ನಿಂತ ಪುಣ್ಯಾತ್ಮರೇ! ನನ್ನ ಪಾಲಿಗೆ ಎಂದೋ ಆಗಿಹೋದವರೇ, ನಿಮ್ಮ ಪಾಲಿಗೆ ಈಗಷ್ಟೇ ಚಹಾ ಕುಡಿದು ಕೂತವರೇ! ಬೆಟಗೇರಿಯ ನಾಟಕದ ಅಂದಾನಯ್ಯನು ತನ್ನ ಎದೆಯ ಅಷ್ಟೂ ಗಾಳಿಯನ್ನು ಒಟ್ಟುಮಾಡಿ ನಿಮಗೆಲ್ಲ ನಮಸ್ಕಾರ ಹೇಳುತ್ತಿದ್ದಾನೆ.

ಇವತ್ತು ಕ್ರಿಸ್ತಶಕ ಎರಡು ಸಾವಿರದ ನೂರಾ ಎಪ್ಪತ್ತನಾಲ್ಕು, ಫೆಬ್ರವರಿ ಮೂವತ್ತು. ನಗಬೇಡಿ. ನಿಮ್ಮ ಕಾಲದಲ್ಲಿ ಆ ಬಡಪಾಯಿ ತಿಂಗಳಿಗೆ ಇಪ್ಪತ್ತೆಂಟು ದಿನ ಕೊಟ್ಟು, ನಾಲ್ಕು ವರ್ಷಕ್ಕೊಮ್ಮೆ ಇನ್ನೊಂದು ಚೂರು ಎಸೆದು ಸಮಾಧಾನ ಮಾಡುತ್ತಿದ್ದಿರಂತೆ. ನಮ್ಮವರು ಎಲ್ಲ ತಿಂಗಳುಗಳಿಗೂ ಸಮಪಾಲು ಹಂಚಿದ್ದಾರೆ. ಹಾಗೆ ಹಂಚಿದಾಗ ಫೆಬ್ರವರಿಗೆ ಸಿಕ್ಕ ಈ ಹೊಸ ದಿನವನ್ನು ಏನು ಮಾಡುವುದೆಂದು ತಿಳಿಯದೆ ಹಿಂದೋಲೆಗೆ ಬಿಟ್ಟುಕೊಟ್ಟಿದ್ದೇವೆ. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಓಲೆ. ಹಗಲು ಬರೆದು, ಸಂಜೆ ಮೈದಾನದಲ್ಲಿ ನಿಂತು ಆಕಾಶಕ್ಕೆ ಕೇಳುವಂತೆ ಓದಬೇಕು. ತಲುಪಿದ್ದನ್ನು ಯಾರೂ ಕಂಡಿಲ್ಲ. ಆದರೆ ನನ್ನ ಗಂಟಲನ್ನು ಬಲ್ಲವರು, ಬೇರೆಯವರದ್ದು ತಲುಪದಿದ್ದರೂ ಅಂದಾನಯ್ಯನದ್ದು ತಲುಪೀತು ಎನ್ನುತ್ತಾರೆ. ನಡುನಡುವೆ ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಅಷ್ಟೇ ವಿಚಿತ್ರ, ಆದರೂ ನಾವು ಹಲ್ಲು ಕಿರಿಯುವುದಿಲ್ಲ.

ನಿಮ್ಮಲ್ಲಿ ಒಬ್ಬರಿಗೆ ನಾನು ಕೃತಜ್ಞತೆ ಹೇಳಬೇಕು. ಅವರ ಹೆಸರು ಗೊತ್ತಿಲ್ಲ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅವರು ಒಂದು ಕಾರನ್ನು ಬಿಡಿಭಾಗಗಳಾಗಿ ತರಿಸಿ, ಮನೆಯಲ್ಲೇ ಜೋಡಿಸುತ್ತೇನೆಂದು ಕೂತು, ಅರ್ಧಕ್ಕೆ ಬಿಟ್ಟರು. ಅರ್ಧಕ್ಕೆ ಬಿಟ್ಟದ್ದಕ್ಕೇ ನಾನು ಅವರ ಪಾದದ ಕಡೆ ಬಾಗಿದ್ದೇನೆ. ಏಕೆಂದು ಹೇಳಬೇಕಾದರೆ ಮೊದಲು ರೇವಮ್ಮನನ್ನು ರಂಗಕ್ಕೆ ಕರೆಯಬೇಕು.

ರೇವಮ್ಮ ನನ್ನ ಹೆಂಡತಿ. ನಮ್ಮ ನಾಟಕ ಕಂಪನಿಯ ಮೊದಲ ನಟಿ. ಅವಳು ಸಾಲು ಎತ್ತಿದರೆ ಹಿಂದಿನ ಸಾಲಿನಲ್ಲಿ ಮಲಗಿದ್ದ ನಾಯಿಯೂ ಎದ್ದು ಕೂರುತ್ತಿತ್ತು. ಒಂದು ವರ್ಷ ಗಂಟಲಿಗೆ ಗಂಟು ಬಂತು. ವೈದ್ಯರು ಗಂಟು ತೆಗೆದರು, ಪ್ರಾಣ ಉಳಿಸಿದರು, ದನಿ ಮಾತ್ರ ಉಳಿಯಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ಮುಂಚೆ ಮಾಡುವ ಸದ್ದಿನಷ್ಟು ಪಿಸುಮಾತು ಉಳಿಯಿತು. ಮರುದಿನದಿಂದ ಅವಳು ಪರದೆಯ ಹಿಂದೆ ಬರುವುದನ್ನೇ ಬಿಟ್ಟಳು. ಆಟವಿದ್ದರೆ ಬಂದು ಪ್ರೇಕ್ಷಕರ ಕುರ್ಚಿಯಲ್ಲಿ ಕೂತು, ಮಂಗಳ ಹಾಡುವ ಮೊದಲೇ ಎದ್ದು ಹೋಗುತ್ತಿದ್ದಳು.

ಎದ್ದು ಹೋಗುವುದೂ ಸುಲಭವಲ್ಲ. ನಮ್ಮ ಕಾಲದಲ್ಲಿ ಓಡಾಟಕ್ಕೆ ಇರುವುದು ತಾನೋಡಿ. ತಾನೇ ಓಡುವುದರಿಂದ ತಾನೋಡಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಡೊಳ್ಳಿನ ಹಾಗೆ ಎರಡೂ ಕಡೆ ಒಂದೇ. ಒಳಗೆ ಎದುರುಬದುರು ಕೂತು, ಹೋಗಬೇಕಾದ ಜಾಗವನ್ನು ಗಟ್ಟಿಯಾಗಿ ಹೇಳಿದರೆ ಸಾಕು, ಹೊರಡುತ್ತದೆ. ಹಿಡಿಯಲು ಹಗ್ಗವಿಲ್ಲ, ತಿರುಗಿಸಲು ಚಕ್ರವಿಲ್ಲ. ದಾರಿ ಯಾವುದೆಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೂ ಇಲ್ಲ. ಈ ತಾನೋಡಿ ಪಿಸುಮಾತನ್ನು ಕೇಳುವುದಿಲ್ಲ. ದನಿ ಇಲ್ಲದವರಿಗೆಂದು ಕೊರಳಿಗೆ ಕಟ್ಟುವ ಒಂದು ಬಿಲ್ಲೆ ಇದೆ, ಅದು ಅವರ ಪರವಾಗಿ ಮಾತಾಡುತ್ತದೆ. ರೇವಮ್ಮ ಅದನ್ನು ಒಮ್ಮೆ ಕಟ್ಟಿಕೊಂಡು ಕೇಳಿದಳು, ಬಿಚ್ಚಿದಳು, ಉಪ್ಪಿನಕಾಯಿ ಭರಣಿಗೆ ಹಾಕಿ ಮುಚ್ಚಳ ಮುಚ್ಚಿದಳು.

“ಮತ್ತೊಬ್ಬಾಕಿ ದನಿ ನನ್ನ ಕೊಳ್ಳಿಗೆ ಕಟ್ಟಬ್ಯಾಡ್ರಿ,” ಎಂದಳು.

ಹೀಗಾಗಿ ಅವಳು ಎಲ್ಲಿಗೆ ಹೋಗಬೇಕಾದರೂ ಜೊತೆಗೆ ನನ್ನ ಗಂಟಲು ಬೇಕು. ಅವಳು ಕಿವಿಯಲ್ಲಿ ಉಸುರಬೇಕು, ನಾನು ಕೂಗಬೇಕು. ಬರಬರುತ್ತಾ ಅವಳು ಉಸುರುವುದನ್ನೂ ನಿಲ್ಲಿಸಿ ಗೋಡೆಯ ಕಡೆ ಮುಖ ಮಾಡಿ ಕೂತಳು.

ಆಗ ಆ ಗೋಡೆಯೇ ಬಿತ್ತು! ಕಪ್ಪತಗುಡ್ಡದ ಕಡೆಯಿಂದ ಬರುವ ಗಾಳಿಗೆ ನಮ್ಮ ಹಿಂಗೋಡೆ ಕುಸಿದು, ಅದರಾಚೆ ಕಟ್ಟಿ ಮುಚ್ಚಿದ್ದ ಒಂದು ಕೋಣೆ ಕಂಡಿತು. ಕೋಣೆಯ ನಡುವೆ ಇಟ್ಟಿಗೆಗಳ ಮೇಲೆ ಕಬ್ಬಿಣದ ಚೌಕಟ್ಟು. ಸುತ್ತ ಪೆಟ್ಟಿಗೆಗಳು. ಗೋಡೆಗೆ ಒರಗಿಸಿದ ಕೆಂಪು ಮೈಯೊಂದು: ಚಾವಣಿ ಇಲ್ಲ, ಇಬ್ಬರಿಗಷ್ಟೇ ಜಾಗ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಮುಂದೆ ಉದ್ದನೆಯ ಮೂಗು. ರಾಕ್ಷಸನ ಪಾತ್ರದವನು ಬಣ್ಣ ಹಚ್ಚಿಕೊಂಡು ಪ್ರವೇಶಕ್ಕೆ ಕಾಯುತ್ತಾ ಹಾಗೇ ನಿದ್ದೆ ಹೋದಂತಿತ್ತು.

ಓ ಮಹಾಜನಗಳೇ, ನಿಮ್ಮಲ್ಲಿರುವ ಆ ಒಬ್ಬರೇ! ನಿಮ್ಮ ಮನೆಯವರು ನಿಮಗೆ ಏನೇನು ಅಂದಿರಬಹುದೆಂದು ನಾನು ಇಲ್ಲಿಂದಲೇ ಕೇಳಬಲ್ಲೆ. ಕೋಣೆ ತುಂಬಿಸಿಟ್ಟಿದ್ದಾರೆ, ನೆಂಟರು ಬಂದರೆ ಮಲಗಲು ಜಾಗವಿಲ್ಲ, ಮುಗಿಸುವ ಯೋಗ್ಯತೆ ಇಲ್ಲದಿದ್ದರೆ ತಂದದ್ದಾದರೂ ಯಾಕೆ ಎಂದು. ನೀವು ಸೋಮಾರಿಯಲ್ಲ, ಅದಕ್ಕೆ ನಾನು ಸಾಕ್ಷಿ. ಸೋಮಾರಿಯಾದವನು ಒಂದೊಂದು ಬೋಲ್ಟಿಗೂ ಗ್ರೀಸು ಸವರಿ, ಹಳೆಯ ಲುಂಗಿ ಹರಿದು, ಸೀರೆಯ ಅಂಚು ಹರಿದು, ಕೂಸಿಗೆ ಸುತ್ತಿದ ಹಾಗೆ ಸುತ್ತಿಡುವುದಿಲ್ಲ. ಚೌಕಟ್ಟಿನ ಮೇಲೆ ಒಂದು ಸೀಟು ಮಾತ್ರ ಕೂರಿಸಿದ್ದಿರಿ. ಅದರ ಮೆತ್ತೆ ತಗ್ಗಾಗಿತ್ತು. ಚಕ್ರವಿಲ್ಲದ ಕಾರಿನಲ್ಲಿ ನೀವು ಎಷ್ಟು ಸಂಜೆ ಕೂತಿದ್ದಿರೋ, ಎಲ್ಲೆಲ್ಲಿಗೆ ಹೋಗಿ ಬಂದಿರೋ, ನಿಮಗೇ ಗೊತ್ತು. ರೇವಮ್ಮ ಆ ತಗ್ಗಿನಲ್ಲಿ ಹೋಗಿ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ.

ಆದರೆ ನಮ್ಮೂರಿಗೊಂದು ಕಟ್ಟಳೆ ಇದೆ. ನೆಲ ಅಗೆದು ಲೋಹ ತೆಗೆಯುವುದನ್ನು ನಾವು ನಿಲ್ಲಿಸಿದ್ದೇವೆ. ಇದ್ದದ್ದನ್ನೇ ಕರಗಿಸಿ ಮತ್ತೆ ಬಳಸುತ್ತೇವೆ. ಊರಾಚೆ ಅದಕ್ಕೊಂದು ಕುಲುಮೆ. ನಡೆಯುವ ಲೋಹ ಮನೆಯಲ್ಲಿ ಉಳಿಯುತ್ತದೆ, ಕೂತ ಲೋಹ ಕುಲುಮೆಗೆ ಹೋಗುತ್ತದೆ. ಕುಲುಮೆಯ ಹಿರಿಯಳು ಹಂಪವ್ವ ಒಳ್ಳೆಯವಳು; ಒಳ್ಳೆಯವಳಾದ್ದರಿಂದಲೇ ಯಾರಿಗೂ ರಿಯಾಯಿತಿ ಇಲ್ಲ. ಬಂದು ನೋಡಿದಳು.

“ಯಕ್ಕಾ, ಮುಂದಿನ ಹಿಂದೋಲಿ ದಿನಾ ಇದು ನಿಮ್ಮ ಬಾಗಲಿಂದ ನನ್ನ ಕುಲುಮಿ ಬಾಗಲಕ್ಕ ಬರಬೇಕು, ಹೊಳ್ಳಿ ನಿಮ್ಮ ಮನೀಗೆ ಹೋಗಬೇಕು. ಹೋತು ಅಂದ್ರ ನಿಮ್ಮದು. ಎಲ್ಲ್ಯರೆ ನಿಂತು ಅಂದ್ರ ನನ್ನದು,” ಎಂದಳು.

ರೇವಮ್ಮ ಸೆರಗು ಸಿಕ್ಕಿಸಿದಳು. ತಾನೋಡಿಗಳ ರಿಪೇರಿ ಮಾಡುವ ಪಕ್ಕದ ಮನೆಯ ದಾವಲಸಾಬನನ್ನು ಕರೆದಳು. ನಾನು ಹೋಗಿ ನಿಂತರೆ ನನ್ನ ಕೈಗೆ ದೀಪ ಕೊಟ್ಟಳು. ಹೀಗೆ ಮನೆಯ ಅಂಗಳ ಕಾರ್ಖಾನೆಯಾಯಿತು. ಪಿಸುಮಾತು ಸುತ್ತಿಗೆಯ ಸದ್ದಿನಲ್ಲಿ ಕೇಳದ ಕಾರಣ ಅವಳು ಸ್ಪ್ಯಾನರಿನಿಂದ ಕಬ್ಬಿಣ ಬಡಿದು ಮಾತಾಡತೊಡಗಿದಳು. ಒಂದು ಬಡಿತವೆಂದರೆ ಬೇರೆ ಅಳತೆಯ ಸ್ಪ್ಯಾನರು ಕೊಡು. ಎರಡೆಂದರೆ ದೀಪ ಇತ್ತ ಹಿಡಿ. ಮೂರೆಂದರೆ ಬಾಯಿ ಮುಚ್ಚು. ಮೂರು ಬಡಿತವೇ ಹೆಚ್ಚು ಕೇಳಿಬರುತ್ತಿತ್ತು ಎಂದು ದಾವಲಸಾಬ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ನಿಮ್ಮ ರಬ್ಬರು ಪುಡಿಯಾಗಿತ್ತು, ತಾನೋಡಿಯ ಚಕ್ರ ಹಾಕಿದೆವು. ಎಂಜಿನು ನೀವು ತಂದೇ ಇರಲಿಲ್ಲ; ನಮ್ಮ ಕಂಪನಿಯ ತಿರುಗುವ ರಂಗದ ಮೋಟಾರು ಬಿಚ್ಚಿ ಕೂರಿಸಿದೆವು. ಕೆಂಪು ಮೈಯನ್ನು ಚೌಕಟ್ಟಿನ ಮೇಲೆ ಇಳಿಸಿದ್ದು ಪರದೆ ಎಳೆಯುವ ಹಗ್ಗ, ರಾಟೆಗಳಿಂದ. ಅದು ಮೆಲ್ಲಗೆ ಆಕಾಶದಿಂದ ಇಳಿಯುವಾಗ ನಾನು ತಡೆಯಲಾರದೆ ದೇವತೆಯ ಪ್ರವೇಶದ ಕಂದಪದ್ಯ ಹಾಡಿದೆ. ಮೂರು ಬಡಿತ.

ಮೊದಲ ಪರೀಕ್ಷೆಯ ದಿನ ಬಂತು. ಅಂಗಳದ ಬಲಕ್ಕೆ ಬೀದಿಯ ಬಾಗಿಲು. ಎಡಕ್ಕೆ ನಮ್ಮ ಕಂಪನಿಯ ದರ್ಬಾರಿನ ಪರದೆ. ಹೊಸ ಬಣ್ಣ ಬಳಿದು ಒಣಹಾಕಿತ್ತು. ರೇವಮ್ಮ ಕೂತಳು, ಬೀದಿಯ ಕಡೆಗೆ ಸ್ಟೀರಿಂಗ್ ಚಕ್ರ ತಿರುಗಿಸಿದಳು. ಕಾರು ಗಂಭೀರವಾಗಿ ಹೊರಟು, ಬೀದಿಗೆ ಬೆನ್ನು ತೋರಿಸಿ, ದರ್ಬಾರಿಗೆ ನುಗ್ಗಿ, ಸಿಂಹಾಸನವನ್ನು ಎದೆಯ ಮಟ್ಟಕ್ಕೆ ಸೀಳಿ, ಅತ್ತ ಕಡೆಯ ಬೇಲಿಯಲ್ಲಿ ನಿಂತಿತು.

“ರಾಜನ್ನ ಕೊಂದ್ಯಲ್ಲs!” ಎಂದು ನಾನು ಗುಡುಗಿದೆ.

“ಬಲಕ್ಕ ತಿರುವೇನಿ, ಎಡಕ್ಕ ಹೋತು,” ಎಂದು ಅವಳು ಉಸುರಿದಳು.

ದಾವಲಸಾಬ ಪೆಟ್ಟಿಗೆಯಲ್ಲಿ ಸಿಕ್ಕಿದ್ದ ಜೋಡಣೆಯ ಚಿತ್ರಪಟಗಳನ್ನು ತಿರುವಿಹಾಕಿದ. “ಎಲ್ಲಾ ಬರೋಬರಿ ಐತ್ರಿ ಅಕ್ಕಾರ. ಪಟದಾಗ ಚಕ್ರ ಬಲಕ್ಕ ಅಂತೈತಿ, ಬಲಕ್ಕ ಹಾಕೀವಿ. ಚಕ್ರದ ಬುಡದಾಗಿನ ಹಲ್ಲಿನ ಸರಳು ಅಲ್ಲಿ ಕೂಡವಲ್ದಾಗಿತ್ತು, ಅದಕ್ಕ ತಿರುವಿ ಬೋರಲ ಹಾಕೀವಿ. ಮತ್ತೇನ ಮಾಡೂದು?” ಎಂದ.

ತಿಂಗಳು ಹೋಯಿತು. ಬಿಚ್ಚಿದರು, ಜೋಡಿಸಿದರು, ಕಾರು ಮತ್ತೆ ಮತ್ತೆ ದರ್ಬಾರಿಗೇ ಹೋಯಿತು. ಹಂಪವ್ವ ಹೇಳಿದ ದಿನ ಹತ್ತಿರ ಬಂತು. ರೇವಮ್ಮ ಮತ್ತೆ ಕೂತ ಕಡೆ ಕೂರತೊಡಗಿದಳು. ಈ ಸಲ ಮುಖ ಮಾಡಲು ಗೋಡೆಯೂ ಇರಲಿಲ್ಲ. ನನಗೆ ಎಂಥ ಹೆದರಿಕೆ ಹುಟ್ಟಿತೆಂದರೆ, ಮಹಾಜನಗಳೇ, ನಾನು ಎರಡು ದಿನ ಸಾಮಾನ್ಯರ ದನಿಯಲ್ಲಿ ಮಾತಾಡಿದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ತಾಲೀಮು ನಡೆದಿತ್ತು. ಸೇನಾಪತಿಯ ಪಾತ್ರಕ್ಕೆ ಬಂದ ಹೊಸಬನಿಗೆ ಬಲಗಡೆಯಿಂದ ಪ್ರವೇಶ ಮಾಡು ಎಂದರೆ, ಎಲ್ಲ ಹೊಸಬರೂ ಮಾಡುವ ತಪ್ಪನ್ನೇ ಮಾಡಿ ಎಡಗಡೆಯಿಂದ ಬಂದ. ನಾನು ಅದುಮಿಟ್ಟಿದ್ದ ಗಂಟಲನ್ನೆಲ್ಲ ಬಿಚ್ಚಿದೆ.

“ಲೇ ಸೇನಾಪತಿ! ನಿನ್ನ ಬಲಗೈಲೇ! ನೋಡೋರ ಬಲಗೈ ಅಲ್ಲ! ರಂಗದ ಮ್ಯಾಲ ನಿಂತವನ ಬಲನs ಬಲ!”

ಆಗ ಕೇಳಿತು ನೋಡಿ, ಕಾರಿನ ಕಡೆಯಿಂದ ಬಡಿತ. ಒಂದಲ್ಲ, ಎರಡಲ್ಲ, ಮೂರಲ್ಲ, ಜಾಗಟೆ ಬಾರಿಸಿದ ಹಾಗೆ. ರೇವಮ್ಮ ಸ್ಪ್ಯಾನರು ಹಿಡಿದು ಓಡಿಬಂದಳು.

“ಇನ್ನೊಮ್ಮೆ ಹೇಳ್ರಿ,” ಎಂದಳು.

ನಮ್ಮ ಮದುವೆಯಾದಂದಿನಿಂದ ನನ್ನ ಮಾತನ್ನು ಇನ್ನೊಮ್ಮೆ ಹೇಳು ಎಂದವಳಲ್ಲ ಅವಳು. ಹೇಳಿದೆ. ಅವಳು ಕಾರಿನ ಮೂಗಿನ ಮುಂದೆ, ತಾನೂ ದಾವಲಸಾಬನೂ ಯಾವಾಗಲೂ ನಿಂತು ನೋಡುತ್ತಿದ್ದ ಜಾಗದಲ್ಲಿ ನಿಂತಳು. ಕಾರಿನ ಎರಡು ದೀಪಗಳು ಅವಳನ್ನೇ ನೋಡುತ್ತಿದ್ದವು.

“ಅದು ನಮ್ಮ ಕಡೆ ಮಾರಿ ಮಾಡಿ ನಿಂತೈತಿ. ಅದು ಪಾತ್ರ. ನಾ ಕುರ್ಚ್ಯಾಗ ಕುಂತು ನೋಡೇನಿ,” ಎಂದಳು.

ದಾವಲಸಾಬನಿಗೆ ತಿಳಿಯದಿದ್ದದ್ದು ಸರಿ. ಮುಂದು ಹಿಂದು ಇಲ್ಲದ ಗಾಡಿಗಳ ನಡುವೆ ಬೆಳೆದವನು, ಗಾಡಿಗೂ ತನ್ನದೇ ಬಲಗೈ ಇರುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಆದರೆ ಹುಟ್ಟಿದಾಗಿನಿಂದ ರಂಗದ ಮೇಲಿದ್ದ ರೇವಮ್ಮ! ಅವಳು ಹೋಗಿ ನಿಮ್ಮ ಸೀಟಿನ ತಗ್ಗಿನಲ್ಲಿ ಕೂತು, ಮುಂದೆ ನೋಡಿ, ತನ್ನ ಬಲಗೈ ಎತ್ತಿದಳು. ಚಕ್ರ ಆ ಕೈಯ ಕಡೆಗೆ ಬಂತು. ಬೋರಲು ಬಿದ್ದಿದ್ದ ಸರಳು ಅಂಗಾತವಾಯಿತು. ಸಂಜೆಯ ಹೊತ್ತಿಗೆ ಕಾರು ಬಲಕ್ಕೆಂದರೆ ಬಲಕ್ಕೆ ಹೋಯಿತು.

ಇವತ್ತು ಬೆಳಿಗ್ಗೆ ಓಣಿಯೆಲ್ಲ ನಮ್ಮ ಬಾಗಿಲಲ್ಲಿ. ನಾನು ಪಕ್ಕದ ಸೀಟು ಹತ್ತಲು ಹೋದೆ. ಮೂರು ಬಡಿತ. ಇಳಿದೆ. ಅವಳು ಒಬ್ಬಳೇ ಹೋದಳು. ಆ ಕೆಂಪು ಮೂಗು ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ ಕಾದೆವು. ಚಹಾ ಆಯಿತು, ಮತ್ತೊಂದು ಚಹಾ ಆಯಿತು. ದೂರದಲ್ಲಿ ಕುಲುಮೆಯ ಹೊಗೆ ಎದ್ದಿತು. ಕೊನೆಗೆ ಒಂದು ತಾನೋಡಿ ಬಂದು ನಿಂತಿತು, ಇಳಿದವಳು ಹಂಪವ್ವ.

“ಎಲ್ಲಿ ನಿಂತುಬಿಡ್ತವ್ವಾ?” ಎಂದೆ.

“ಎಲ್ಲಿ ನಿಂತೈತ್ರಿ? ನನ್ನ ಬಾಗಲದಾಗ ಹೊಳ್ಳಿಸ್ಕೊಂಡು ಆಗಲೇ ಬಂದಳಲ್ಲ! ಮನೀಗೆ ಬಂದಿಲ್ಲೇನು?”

ಇಲ್ಲ, ಬಂದಿರಲಿಲ್ಲ. ಎಲ್ಲರೂ ಕುಲುಮೆಯ ದಾರಿಯನ್ನೇ ನೋಡುತ್ತಿದ್ದೆವು. ಆಗ ನಮ್ಮ ಬೆನ್ನ ಹಿಂದೆ, ಗದಗಿನ ಕಡೆಯಿಂದ, ತಿರುಗುವ ರಂಗದ ಮೋಟಾರಿನ ಆ ಹಳೆಯ ಗುಂಯ್‌ಗುಡುವಿಕೆ ಕೇಳಿತು. ಕೂದಲು ಕೆದರಿತ್ತು, ಕಣ್ಣಲ್ಲಿ ಧೂಳು, ಮಡಿಲಲ್ಲಿ ಬಿಸಿ ಮಿರ್ಚಿ ಭಜಿಯ ಪೊಟ್ಟಣ. ರೇವಮ್ಮ ಮನೆಯ ಬಾಗಿಲಿಗೆ ಸರಿಯಾಗಿ ತಂದು ನಿಲ್ಲಿಸಿದಳು.

“ಎಲ್ಲಿಗೆ ಹೋಗಿದ್ದಿ?”

“ಹೋಗಿದ್ದೆ,” ಎಂದಳು.

ನಾನು ಹಂಪವ್ವನ ಮುಖ ನೋಡಿದೆ. ಅವಳು ಪೊಟ್ಟಣದಿಂದ ಒಂದು ಮಿರ್ಚಿ ತೆಗೆದು ಕಚ್ಚಿ, ಉಫ್ ಎಂದು ಊದಿದಳು. “ಮನೀಗೆ ಹೊಳ್ಳಿ ಬರಬೇಕಂತ ಐತಿ. ಯಾವ ದಾರೀಲೆ ಅಂತ ಕಟ್ಟಳಿಯೊಳಗ ಇಲ್ಲ,” ಎಂದು ಕಾರಿನ ಕೆಂಪು ಬೆನ್ನಿಗೆ ಕುಲುಮೆಯ ಸುಣ್ಣದ ಗುರುತು ಹಾಕಿ ಹೋದಳು. ನಡೆಯುವ ಲೋಹ!

ಅರ್ಧಕ್ಕೆ ಬಿಟ್ಟ ಮಹಾನುಭಾವರೇ, ನೀವು ಮುಗಿಸಿದ್ದರೆ ಆ ಕಾರು ನಿಮ್ಮ ಕಾಲದಲ್ಲೇ ಓಡಿ, ಸವೆದು, ಎಂದೋ ಗುಜರಿಯಾಗುತ್ತಿತ್ತು. ಬೇಸರದಿಂದ ಮಾರಿದ್ದರೆ ನನ್ನ ರೇವಮ್ಮ ಇನ್ನೂ ಗೋಡೆ ನೋಡುತ್ತಿದ್ದಳು. ನೀವು ಎರಡೂ ಮಾಡದೆ ಗ್ರೀಸು ಸವರಿ, ಸೀರೆಯ ಅಂಚು ಸುತ್ತಿದಿರಿ. ಆ ಗ್ರೀಸಿನ ಕೈಗಳಿಗೆ ಶರಣು. ಉಳಿದ ಮಹಾಜನಗಳಲ್ಲಿ ಒಂದು ವಿನಂತಿ: ನಿಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಅರ್ಧಕ್ಕೆ ಬಿಟ್ಟು ಮೂಲೆಗಿಟ್ಟಿದ್ದರೆ ಇವತ್ತು ಅವರನ್ನು ಬೈಯಬೇಡಿ. ಒಂದು ಹಳೆಯ ಲುಂಗಿ ಹುಡುಕಿಕೊಡಿ.

ಮೈದಾನದಲ್ಲಿ ಜನ ಸೇರಿದ್ದಾರೆ, ನನ್ನ ಸರದಿ ಬಂತು. ರೇವಮ್ಮ ಮುಂದಿನ ಸಾಲಿನಲ್ಲಿಲ್ಲ. ಪರದೆಯ ಹಿಂದೆ, ನನ್ನ ಬಲಕ್ಕೆ ನಿಂತಿದ್ದಾಳೆ. ನಾಳೆ ನನ್ನನ್ನೂ ಕರೆದುಕೊಂಡು ಹೋಗುತ್ತಾಳಂತೆ. ಎಲ್ಲಿಗೆಂದು ಕೇಳಿದೆ. ಮೂರು ಬಡಿತ. ನಾಳೆ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಜರಿಯ ರುಮಾಲು ಸುತ್ತಿಕೊಂಡು, ಕಾರಿನ ಎಡಗಡೆಯ ಸೀಟಿನಲ್ಲಿ ಕೂರುತ್ತೇನೆ. ಎಡವೆಂದರೆ ಅವಳ ಎಡ. ಬಾಯಿ ಮುಚ್ಚಿಕೊಂಡು, ಅವಳು ಕರೆದೊಯ್ದ ಕಡೆ ಹೋಗುತ್ತೇನೆ.